ಹಳೇ ಟ್ರ್ಯಾಕ್ಟರ್‌ಗೆ ಯಾವ ಮೀಟರ್: ಕೇಬಲ್ಲಾ, ಡಿಜಿಟಲ್ಲಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಕೇಬಲ್ ಮೀಟರ್‌ಗೆ, ಅಂದರೆ ಇಂಜಿನ್ ತಿರುಗಿಸುವ ಕೇಬಲ್‌ನಿಂದ ಓಡುವ ಮುಳ್ಳಿನ ಮೀಟರ್‌ಗೆ.

ಗದಗ ಕಡೆಯ ಎರೆ ಹೊಲದಲ್ಲಿ ದುಡಿದು ಹಣ್ಣಾದ ಟ್ರ್ಯಾಕ್ಟರ್ ನಮ್ಮದು. ಅದರ ಮೀಟರ್‌ನಲ್ಲಿ ಆರ್‌ಪಿಎಂ (ನಿಮಿಷಕ್ಕೆ ಇಂಜಿನ್ ಸುತ್ತು) ಮುಳ್ಳು ಸುಮ್ನೆ ಕುಣಿಯುತ್ತಿತ್ತು, ಇಂಜಿನ್ ಓಡಿದ ತಾಸಿನ ಅಂಕಿ ನಿಂತೇ ಹೋಗಿತ್ತು. ಮಣ್ಣು ಪುಡಿ ಮಾಡುವ ರೋಟಾವೇಟರ್ ಬಾಡಿಗೆಗೆ ಹೊಡೆಯುವವರಿಗೆ ತಾಸಿನ ಲೆಕ್ಕ ತಪ್ಪಿದರೆ ಜಗಳ ಗ್ಯಾರಂಟಿ, ಅಲ್ವಾ? ಆನ್‌ಲೈನ್‌ನಲ್ಲಿ ಡಿಜಿಟಲ್ ಮೀಟರ್ ತರಿಸಿ ಒಂದು ಹಂಗಾಮು ಓಡಿಸಿದೆ. ಆಮೇಲೆ ಅದನ್ನು ಬಿಚ್ಚಿ, ಮೊದಲಿನ ನಮೂನೆಯ ಕೇಬಲ್ ಮೀಟರನ್ನೇ ಹಾಕಿಸಿದೆ.

ಡಿಜಿಟಲ್‌ನಲ್ಲಿ ತಲೆ ತಿಂದದ್ದು ತಾಸಿನ ಲೆಕ್ಕ. ಕೀ ಆನ್ ಇದ್ದರೆ ಸಾಕು, ಇಂಜಿನ್ ಬಂದ್ ಆಗಿದ್ದರೂ ಅದು ತಾಸು ಏರಿಸುತ್ತಲೇ ಇರುತ್ತದೆ. ಡ್ರೈವರ್ ಹಾಡು ಕೇಳಲು ಕೀ ತಿರುಗಿಸಿಟ್ಟರೆ ಅದೂ ಲೆಕ್ಕಕ್ಕೆ ಸೇರಿತು. ಇಂಜಿನ್ ಓಡುವಾಗಲೇ ಆಯಿಲ್ ಪ್ರೆಶರ್ ಇರುವುದು, ಹಾಗಾಗಿ ಆಯಿಲ್ ಪ್ರೆಶರ್ ಸ್ವಿಚ್ ಮೂಲಕ ವೈರ್ ಕೊಟ್ಟರೆ ಸರಿಹೋಗುತ್ತದೆ ಅಂದರು. ಆದರೆ ಆಯಿಲ್ ಲೈಟಿನ ಸ್ವಿಚ್ ಕೆಲಸ ಮಾಡುವುದು ಉಲ್ಟಾ, ಪ್ರೆಶರ್ ಇಲ್ಲದಾಗಲೇ ಅದು ಆನ್. ಕೊನೆಗೆ ಎಲೆಕ್ಟ್ರಿಷಿಯನ್ ನಡುವೆ ಒಂದು ರಿಲೇ ಕೂಡಿಸಿ (ಕರೆಂಟಿನಿಂದಲೇ ಆನ್-ಆಫ್ ಆಗುವ ಸ್ವಿಚ್) ಆ ಉಲ್ಟಾವನ್ನು ಸರಿ ಮಾಡಿದ. ಕೀ ಗೋಳು ತೀರಿತು, ಬಾಡಿಗೆ ಜಗಳ ತೀರಲಿಲ್ಲ.

ಯಾಕಂದರೆ ಕೇಬಲ್ ಮೀಟರ್ ಎಣಿಸುವುದು ಗಡಿಯಾರದ ತಾಸನ್ನಲ್ಲ, ಇಂಜಿನ್ನಿನ ಸುತ್ತುಗಳನ್ನು. 1500 ಆರ್‌ಪಿಎಂಗೆ ಒಂದು ತಾಸು ಅಂತ ಹೊಂದಿಸಿದ ಮೀಟರ್ ಆದರೆ, 750ರಲ್ಲಿ ನಿಂತಲ್ಲೇ ಒಂದು ತಾಸು ಓಡಿದರೂ ಅರ್ಧ ತಾಸನ್ನೇ ತೋರಿಸುತ್ತದೆ. ಡಿಜಿಟಲ್‌ಗೆ ಆ ಭೇದ ಇಲ್ಲ. ಹೊಲದ ಬದುವಿನಲ್ಲಿ ಇಂಜಿನ್ ಚಾಲೂ ಇಟ್ಟು ಚಹಾ ಕುಡಿದರೆ ಅದಕ್ಕೂ ಪೂರ್ತಿ ತಾಸು. "ಏನ್ರೀ, ನಿಮ್ ಡ್ರೈವರ್ ಚಾ ಕುಡದದ್ದಕ್ಕೂ ನಾವ ಬಾಡಿಗಿ ಕೊಡಬೇಕೇನು?" ಅಂತ ಪಕ್ಕದ ಹೊಲದ ಕಾಕಾ ಕೇಳಿದರು. ಏನು ಉತ್ತರ ಕೊಡೋದು? ಆಯಿಲ್ ಬದಲಿಸುವ 250 ತಾಸು ಕೂಡ ಬೇಗ ಬಂದಂತೆ ಕಾಣುತ್ತದೆ.

ಬಿಸಿಲಲ್ಲಿ ಡಿಜಿಟಲ್‌ನ ಅಂಕಿಯೂ ಕಾಣಲ್ಲ. ಆ ಮೀಟರ್ ಆರ್‌ಪಿಎಂ ತೋರಿಸಲು ಆಲ್ಟರ್ನೇಟರ್‌ನಲ್ಲಿ (ಬ್ಯಾಟರಿ ಚಾರ್ಜ್ ಮಾಡುವ ಭಾಗ) ಡಬ್ಲ್ಯೂ ಟರ್ಮಿನಲ್, ಅಂದರೆ ಇಂಜಿನ್ ವೇಗದ ಸಿಗ್ನಲ್ ಕೊಡುವ ತುದಿ ಬೇಕು, ಹಳೇ ಗಾಡಿಯಲ್ಲಿ ಅದು ಇದ್ದರೆ ಪುಣ್ಯ. ಕೇಬಲ್ ಮೀಟರ್‌ನಲ್ಲಾದರೆ ಪಿಟಿಒ (ರೋಟಾವೇಟರ್ ತಿರುಗಿಸುವ ಹಿಂದಿನ ಶಾಫ್ಟ್) ನಿಮಿಷಕ್ಕೆ 540 ಸುತ್ತು ತಿರುಗುವ ಗುರುತು ಡಯಲ್ ಮೇಲೇ ಇರುತ್ತದೆ, ಮುಳ್ಳನ್ನು ಅಲ್ಲಿಗೆ ತಂದು ರೋಟಾವೇಟರ್ ಬಿಟ್ಟರೆ ಆಯಿತು.

ಗುಜರಿಯ ಮೀಟರನ್ನೂ ನೋಡಿದೆ. ಅಗ್ಗ, ಆದರೆ ಎಷ್ಟು ಸವೆದಿದೆ ಅಂತ ಯಾರು ಹೇಳಬೇಕು?

ಕೇಬಲ್‌ಗೂ ಆರೈಕೆ ಬೇಕು. ಚೂಪಾಗಿ ಬಗ್ಗಿಸಿದರೆ ಒಳಗಿನ ತಂತಿ ಹರಿಯುತ್ತದೆ, ಗ್ರೀಸ್ ಒಣಗಿದರೆ ಮುಳ್ಳು ಮತ್ತೆ ಕುಣಿಯುತ್ತದೆ. ಹಾಗಾಗಿ ಮುಳ್ಳು ಕುಣಿದ ಕೂಡಲೇ ಮೀಟರ್ ಕೊಳ್ಳಲು ಓಡಬೇಡಿ, ಮೊದಲು ಕೇಬಲ್ ಬಿಚ್ಚಿ ನೋಡಿ. ಕೊಳ್ಳುವುದೇ ಆದರೆ ಹಳೇ ಮೀಟರ್ ಕೈಯಲ್ಲಿ ಹಿಡಿದು ಅಂಗಡಿಗೆ ಹೋಗಿ. ಎಲ್ಲ ಗಾಡಿಯಲ್ಲೂ ಕೇಬಲ್ ಒಂದೇ ದಿಕ್ಕಿಗೆ, ಒಂದೇ ಲೆಕ್ಕಕ್ಕೆ ತಿರುಗುವುದಿಲ್ಲ. ಹೊಸದು ಸೊನ್ನೆಯಿಂದ ಶುರುವಾಗುತ್ತದೆ, ಹಳೇ ತಾಸನ್ನು ಟೂಲ್‌ಬಾಕ್ಸ್ ಮುಚ್ಚಳದ ಒಳಗೆ ಪೇಂಟಲ್ಲಿ ಬರೆದಿಡಿ.