ಬೆಳೆಗೆ ಎಣ್ಣೆ (ಕೀಟನಾಶಕ) ಹೊಡೆಯುವವರಿಗೆ ಒಂದು ದಿನದ ತರಬೇತಿ: ಪಾಠ ಚೊಕ್ಕ, ಏರ್ಪಾಟು ಅರೆಬರೆ

ಹಾವೇರಿ ಸೀಮೆಯ ಹತ್ತಿ, ಮೆಣಸಿನಕಾಯಿ ಬೆಳೆಗಾರರ ಒಂದು ಉತ್ಪಾದಕ ಸಂಸ್ಥೆ ನಡೆಸುವ ಕೀಟನಾಶಕ ಸುರಕ್ಷತಾ ತರಬೇತಿಯ ವಿಮರ್ಶೆ ಇದು. ಒಂದು ತಂಡಕ್ಕೆ 30 ಜನ, ಬೆಳಿಗ್ಗೆ 10ರಿಂದ ಸಂಜೆ 4, ಶುಲ್ಕವಿಲ್ಲ.

ಮೊದಲು ಮೆಚ್ಚಬೇಕಾದ್ದು ಅಳತೆಯ ಪಾಠ. ಬಾಟಲಿಯ ಮುಚ್ಚಳದಲ್ಲಿ ಅಂದಾಜಿಗೆ ಸುರಿಯುವ ರೂಢಿ ಬಿಡಿಸಲು ಹೊಲದಲ್ಲೇ ಲೆಕ್ಕ ಹಾಕಿಸುತ್ತಾರೆ. 33 ಅಡಿಗೆ 33 ಅಡಿ, ಅಂದರೆ ಒಂದು ಗುಂಟೆ, ಗುರುತು ಹಾಕಿ ಬರೀ ನೀರು ಹೊಡೆಸುವುದು. ಎಷ್ಟು ಲೀಟರ್ ಖರ್ಚಾಯಿತೋ ಅದನ್ನು 40ರಿಂದ ಗುಣಿಸಿದರೆ ಎಕರೆಯ ಲೆಕ್ಕ ಸಿಕ್ಕಿತು. 4 ಲೀಟರ್ ಹೋದರೆ ಎಕರೆಗೆ 160, ಅಂದರೆ 16 ಲೀಟರಿನ ಪಂಪನ್ನು ಹತ್ತು ಸಲ ತುಂಬಿದಷ್ಟು, ಹತ್ತು ಪಂಪು. ಲೇಬಲ್ಲಿನಲ್ಲಿ ಎಕರೆಗೆ 200 ಮಿಲೀ ಅಂತಿದ್ದರೆ ಪಂಪಿಗೆ 20. ಅದೇ ಪಂಪಿನ ನಾಜಲ್ (ದ್ರವ ಸಿಂಪಡಿಸುವ ಮೂತಿ) ಸವೆದು ಗುಂಟೆಗೆ 5 ಲೀಟರ್ ಹೋಗುತ್ತಿದ್ದರೆ ಹನ್ನೆರಡೂವರೆ ಪಂಪು ಬೇಕಾಗುತ್ತದೆ. ಹಳೆಯ ಲೆಕ್ಕದಲ್ಲೇ ಪಂಪಿಗೆ 20 ಹಾಕಿದರೆ ಎಕರೆಗೆ 250 ಮಿಲೀ ಬೀಳುತ್ತದೆ. ಸವೆದ ನಾಜಲ್ ಎಂದರೆ ಏನೆಂದು ಇದಕ್ಕಿಂತ ಚೆನ್ನಾಗಿ ತಿಳಿಸಲು ಆಗದು.

ಎರಡನೆಯದು ಬಣ್ಣದ ಪ್ರಯೋಗ. ನೀರಿಗೆ ತಿನ್ನುವ ಬಣ್ಣ ಕಲಸಿ, ಬಿಳಿ ಅಂಗಿ ಹಾಕಿಸಿ, ಬೆನ್ನಿಗೆ ಬ್ಯಾಟರಿ ಪಂಪು ಏರಿಸಿ ಎರಡು ಸಾಲು ನಡೆಸುತ್ತಾರೆ. ಇಳಿಸಿದಾಗ ಬೆನ್ನ ನಡುವೆ ಅಂಗೈ ಅಗಲದ ಕೆಂಪು ಕಲೆ. ಪಂಪಿನ ಮುಚ್ಚಳದ ವಾಷರ್ ಸತ್ತಿದೆ, ಬಗ್ಗಿದಾಗಲೆಲ್ಲ ಅಲ್ಲಿಂದ ಒಸರಿದೆ. ಬಲ ತೊಡೆಯ ಮೇಲೂ ಚುಕ್ಕೆಗಳು: ಹೊಡೆದ ಸಾಲಿನೊಳಗೇ ಮುಂದೆ ನಡೆದದ್ದರ ಫಲ. ಅರ್ಧ ಗಂಟೆಯ ಭಾಷಣಕ್ಕಿಂತ ಈ ಅಂಗಿ ಮೇಲು.

ಕೈಗವಸಿನ ಪಾಠವೂ ಸರಿಯಿದೆ. ಮಂಡಿ ಮಟ್ಟದ ಬೆಳೆಗೆ ಅಂಗಿಯ ತೋಳು ಗವಸಿನ ಹೊರಗೆ, ತಲೆಯೆತ್ತರದ ಬೆಳೆಗೆ ಅಂಗಿಯ ತೋಳು ಗವಸಿನ ಒಳಗೆ. ಇಲ್ಲದಿದ್ದರೆ ಇಳಿದ ದ್ರವ ನೇರ ಒಳಗೇ ಸೇರುತ್ತದೆ. ಕಟ್ಟಿಕೊಂಡ ನಾಜಲ್ಲನ್ನು ಬಾಯಲ್ಲಿ ಊದಬಾರದು, ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಖಾಲಿ ಡಬ್ಬಕ್ಕೆ ಕಾಲು ಭಾಗ ನೀರು ಹಾಕಿ, ಕುಲುಕಿ, ಪಂಪಿಗೇ ಸುರಿಯಬೇಕು. ಹೀಗೆ ಮೂರು ಸಲ ತೊಳೆದ ಮೇಲೆ ತೂತು ಹೊಡೆದಿಡಬೇಕು.

ಕೊರತೆ ಇರುವುದು ಪ್ರಥಮ ಚಿಕಿತ್ಸೆಯಲ್ಲಿ. ಅದಕ್ಕೆ ಹತ್ತೇ ನಿಮಿಷ. ಬಟ್ಟೆ ಕಳಚಿ ಸಾಬೂನು ಹಾಕಿ ತೊಳೆಯಬೇಕು, ಕಣ್ಣಿಗೆ ಬಿದ್ದರೆ 15 ನಿಮಿಷ ನೀರು ಹರಿಸಬೇಕು ಎಂದು ಹೇಳುತ್ತಾರೆ. ಆದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು, 108ಕ್ಕೆ ಕರೆ ಮಾಡಿ ಬಾಟಲಿಯನ್ನೂ ಆಸ್ಪತ್ರೆಗೆ ಒಯ್ಯಬೇಕು ಎಂಬುದನ್ನು ಒತ್ತಿ ಹೇಳುವುದಿಲ್ಲ. ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕದ ವಿಷಕ್ಕೆ ಅಟ್ರೋಪಿನ್ ಎಂಬ ಪ್ರತ್ಯೌಷಧ ಇದೆ, ಪ್ಯಾರಾಕ್ವಾಟ್ ಎಂಬ ಕಳೆನಾಶಕಕ್ಕೆ ಪ್ರತ್ಯೌಷಧವೇ ಇಲ್ಲ. ವೈದ್ಯರಿಗೆ ಲೇಬಲ್ ಕಾಣಬೇಕಾದ್ದು ಅದಕ್ಕೇ.

ಇನ್ನು ಏರ್ಪಾಟು. ಹೆಸರು ಬರೆಸಲು ಪಹಣಿ, ಎಫ್‌ಐಡಿ (ರೈತರ ಗುರುತಿನ) ಸಂಖ್ಯೆ ಕೇಳುತ್ತಾರೆ. ಬಂದವರೆಲ್ಲ ಹೊಲದ ಮಾಲೀಕರು. ಎಣ್ಣೆ ಹೊಡೆಯುವುದು ಭೂಮಿಯಿಲ್ಲದ ಕೂಲಿಯಾಳು. ಅವನಿಗೆ ಪಹಣಿಯೂ ಇಲ್ಲ, ದಿನದ ಕೂಲಿ ಬಿಟ್ಟು ಬರುವ ಅನುಕೂಲವೂ ಇಲ್ಲ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದ ಹತ್ತಿ ಹೊಲಗಳಲ್ಲಿ ವಿಷವೇರಿ 20ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಇಂಥ ಕೂಲಿಕಾರರೂ ಇದ್ದರು. ಪಾಠ ಯಾರಿಗೆ ಬೇಕೋ ಅವರನ್ನೇ ಅರ್ಜಿ ನಮೂನೆ ಹೊರಗಿಟ್ಟಿದೆ. ಇದು ನಮಗೆ ಸಹಿಸಲಾಗದ ತಪ್ಪು. ಆಧಾರ್ ಸಾಕು, ಇಲ್ಲವೇ ಮಾಲೀಕ ತನ್ನ ಆಳನ್ನು ಜೊತೆಗೆ ಕರೆತರಲಿ ಎಂದು ಬದಲಿಸಿದರೆ ಮುಗಿಯಿತು.

ಹಣವೂ ತಪ್ಪು ಜಾಗಕ್ಕೆ ಹೋಗುತ್ತಿದೆ. ಬ್ಯಾನರ್, ಊಟ, ಚೀಲ, ಪೆನ್ನು. ತಪ್ಪಿದ ಕೂಲಿ ತುಂಬಿಕೊಡಲು ಒಂದು ಪೈಸೆಯಿಲ್ಲ. ಬರುವ ಪ್ರತಿಯೊಬ್ಬರಿಗೂ ಆ ದಿನದ ಕೂಲಿ, ಎರಡು ಜೊತೆ ನೈಟ್ರೈಲ್ ರಬ್ಬರ್ ಗವಸು, ಒಂದು ಅಳತೆ ಲೋಟ, ಒಂದು ಹೊಸ ನಾಜಲ್, ಮುಚ್ಚಳದ ವಾಷರ್: ಖರ್ಚಿನ ಪಟ್ಟಿ ಇಲ್ಲಿಂದ ಶುರುವಾಗಬೇಕು. ಉಳಿದದ್ದರಲ್ಲಿ ಊಟ. ಕೀಟನಾಶಕ ಕಂಪನಿಯ ದುಡ್ಡು ಬರುವುದರಿಂದ ಮಧ್ಯಾಹ್ನದ ಒಂದು ತಾಸು ಅದರ ಮಾಲಿನ ಪ್ರಚಾರಕ್ಕೆ ಹೋಗುತ್ತದೆ. ಆ ದುಡ್ಡು ಸಂಸ್ಥೆಯ ಖಾತೆಗೆ ಬರಲಿ, ಪಾಠ ಮಾತ್ರ ಕೃಷಿ ವಿಜ್ಞಾನ ಕೇಂದ್ರದವರು ಮಾಡಲಿ. ಸರ್ಕಾರದ ‘ಆತ್ಮ’ (ಕೃಷಿ ತಂತ್ರಜ್ಞಾನ ನಿರ್ವಹಣಾ ಸಂಸ್ಥೆ) ಯೋಜನೆಯಡಿ ರೈತ ತರಬೇತಿಗೆ ಅನುದಾನ ಇರುತ್ತದೆ. ರೈತ ಸಂಪರ್ಕ ಕೇಂದ್ರದಲ್ಲಿ ಮೊದಲೇ ವಿಚಾರಿಸಬೇಕು.

ಅಮೆರಿಕದಲ್ಲಿ ನಿರ್ಬಂಧಿತ ಕೀಟನಾಶಕ ಬಳಸುವ ರೈತನೂ ಪ್ರಮಾಣಪತ್ರ ಪಡೆಯಬೇಕು, ಐದು ವರ್ಷದೊಳಗೆ ನವೀಕರಿಸಬೇಕು. ಕಂಪನಿಗಳು ಕಟ್ಟುವ ನೋಂದಣಿ ಶುಲ್ಕದಲ್ಲೇ ಒಂದು ಪಾಲು ಸುರಕ್ಷತಾ ಶಿಕ್ಷಣಕ್ಕೆ ಮೀಸಲು. ನಮ್ಮ 1968ರ ಕೀಟನಾಶಕ ಕಾಯ್ದೆ ಸ್ವಂತ ಸಾಗುವಳಿಯ ಬಳಕೆಯನ್ನು ಹೊರಗಿಟ್ಟಿದೆ. ಹಾಗಾಗಿ ಇಲ್ಲಿ ಇಂಥ ತರಬೇತಿಗಳೇ ಆಸರೆ.

ಕೊನೆಯದಾಗಿ ದಿನಾಂಕ. ಆಗಸ್ಟ್‌ನಲ್ಲಿ ಇಟ್ಟರೆ ಅಷ್ಟು ಹೊತ್ತಿಗೆ ಎರಡು ಮೂರು ಸುತ್ತು ಎಣ್ಣೆ ಹೊಡೆದಾಗಿರುತ್ತದೆ. ಮೇ ಕೊನೆಯ ವಾರ, ಬಿತ್ತನೆಗೆ ಮುಂಚೆ ನಡೆಸಲಿ, ಬರುವವರು ತಮ್ಮ ತಮ್ಮ ಪಂಪುಗಳನ್ನು ಹೊತ್ತುಕೊಂಡೇ ಬರಲಿ.