ಮಣ್ಣಿನ ಗ್ರೌಂಡಿಗೆ ಮರಳುವ ಹಾಕಿ ಆಟಗಾರರು ಏನು ಕೊಳ್ಳಬೇಕು, ಏನು ಬಿಡಬೇಕು

ಕಾಲೇಜಿನಲ್ಲಿ ಹಾಕಿ ಆಡಿ, ನೌಕರಿ, ಸಂಸಾರ ಎಂದು ಹದಿನೈದು ಇಪ್ಪತ್ತು ವರ್ಷ ಬಿಟ್ಟವರು ಮತ್ತೆ ಆಡೋಣ ಎಂದಾಗ ಮೊದಲು ಹುಡುಕುವುದು ಸ್ಟಿಕ್ಕನ್ನು. ಮೊಬೈಲಿನಲ್ಲಿ ಕಣ್ಣಿಗೆ ಬೀಳುವುದೆಲ್ಲ 70, 90, 100 ಪರ್ಸೆಂಟ್ ಕಾರ್ಬನ್ ಎಂದು ಬರೆದ, ನೀರು ಹಾಯಿಸಿದ ನೀಲಿ ಟರ್ಫಿಗಾಗಿ, ಅಂದರೆ ಕೃತಕ ಹುಲ್ಲಿನ ಹಾಸಿಗಾಗಿ, ಮಾಡಿದ ಸ್ಟಿಕ್ಕುಗಳು. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಹೀಗೆ ಮರಳಿ ಬಂದವರಿಗೆ ಬೆಳಗಿನ ಹೊತ್ತು ಆಡಲು ಸಿಗುವುದು ಹೆಚ್ಚಾಗಿ ಶಾಲೆ, ಕಾಲೇಜಿನ ಮಣ್ಣಿನ ಗ್ರೌಂಡು. ಒಂದು ಕಡೆ ಗರಸು, ಇನ್ನೊಂದು ಕಡೆ ಕೆಂಪು ಮಸಾರಿ, ಮತ್ತೊಂದು ಕಡೆ ಬೇಸಿಗೆ ಬಂತೆಂದರೆ ಬಿರುಕು ಬಿಡುವ ಎರೆ. ಆ ಸ್ಟಿಕ್ಕಿಗೂ ಈ ನೆಲಕ್ಕೂ ಹೊಂದುವುದಿಲ್ಲ. ಅದಕ್ಕೇ ಇಲ್ಲಿ ಒಂದೊಂದು ಸಾಮಾನನ್ನೂ ನಮ್ಮ ಮಣ್ಣು, ನಮ್ಮ ಬಿಸಿಲು, ಆಡುವವರ ವಯಸ್ಸು ಈ ಮೂರನ್ನು ಮುಂದಿಟ್ಟುಕೊಂಡು ನೋಡಿದ್ದೇವೆ. ನಮ್ಮ ತೀರ್ಪು ಇಷ್ಟು: ದುಡ್ಡು ಮೊದಲು ಕಾಲಿಗೆ ಹೋಗಲಿ, ಆಮೇಲೆ ಹಲ್ಲಿಗೆ, ಉಳಿದದ್ದು ಸ್ಟಿಕ್ಕಿಗೆ.

ಮನೆಯಲ್ಲಿರುವ ರನ್ನಿಂಗ್ ಶೂ ಸಾಕು ಎಂದುಕೊಂಡರೆ ಮೊದಲ ವಾರವೇ ಕಾಲು ಉಳುಕಬಹುದು. ರನ್ನಿಂಗ್ ಶೂ ನೇರ ಮುಂದಕ್ಕೆ ಓಡುವುದಕ್ಕೆ ಮಾಡಿದ್ದು. ಅದರ ಹಿಮ್ಮಡಿ ಎತ್ತರ, ಅಡಿ ಮೆತ್ತಗೆ. ಹಾಕಿಯಲ್ಲಿ ಸೊಂಟ ಬಗ್ಗಿಸಿಕೊಂಡೇ ಥಟ್ಟನೆ ಪಕ್ಕಕ್ಕೆ ತಿರುಗಬೇಕು. ಮೈಭಾರವೆಲ್ಲ ಆ ಎತ್ತರದ ಮೆತ್ತೆಯ ಹೊರ ಅಂಚಿನ ಮೇಲೆ ಬಿದ್ದಾಗ ಪಾದ ಮಗುಚಿಕೊಳ್ಳುತ್ತದೆ. ಉದ್ದ ಸ್ಟಡ್ಡಿನ ಫುಟ್‌ಬಾಲ್ ಶೂ, ಅಂದರೆ ಎಫ್‌ಜಿ ಎಂದು ಗುರುತು ಇರುವುದು, ಹುಲ್ಲಿನ ನೆಲಕ್ಕೆ ಮಾಡಿದ್ದು. ಗಟ್ಟಿ ಗರಸಿನಲ್ಲಿ ಆ ಸ್ಟಡ್ಡು ನೆಲಕ್ಕೆ ಇಳಿಯುವುದೇ ಇಲ್ಲ. ಇಡೀ ಭಾರ ಹತ್ತು ಹನ್ನೆರಡು ಮೊನೆಗಳ ಮೇಲೆ ನಿಂತು ಅರ್ಧ ಗಂಟೆಯಲ್ಲಿ ಅಂಗಾಲು ಉರಿಯತೊಡಗುತ್ತದೆ. ಟರ್ಫಿನ ಮೇಲಂತೂ ಅದನ್ನು ಹಾಕಿಕೊಂಡು ಕಾಲಿಡಲೇಬಾರದು, ಟರ್ಫ್ ಹರಿಯುತ್ತದೆ.

ಬೇಕಾದದ್ದು ಅಡಿ ತುಂಬ ಚಿಕ್ಕ ಚಿಕ್ಕ ರಬ್ಬರ್ ಗುಬ್ಬಿಗಳಿರುವ, ಹಿಮ್ಮಡಿ ತಗ್ಗಾಗಿರುವ ಶೂ. ಹಾಕಿಗೆಂದೇ ಮಾಡಿದ್ದು ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಟಿಎಫ್ ಗುರುತಿನ ಫುಟ್‌ಬಾಲ್ ಶೂ ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಅದರ ಒಂದೇ ಕೊರತೆ ಮೂತಿ ತೆಳುವಾಗಿರುವುದು. ಚೆಂಡು ಬೆರಳಿಗೆ ಬಡಿದರೆ ಉಗುರು ಕಪ್ಪಾಗುತ್ತದೆ. ಅಂಗಡಿಯಲ್ಲಿ ಮೂತಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಸುತ್ತ ಹೊಲಿಗೆ ಹಾಕಿದೆಯೋ ಬರೀ ಗಮ್ ಹಚ್ಚಿದೆಯೋ ಗಮನಿಸಿ. ನಮ್ಮ ಬಿಸಿಲಿಗೆ ಬರೀ ಗಮ್ಮಿನ ಶೂ ಬಾಯಿ ಬಿಡುವುದು ಬೇಗ. ಶೂವನ್ನು ಎರಡೂ ತುದಿ ಹಿಡಿದು ಬಗ್ಗಿಸಿದರೆ ಬೆರಳುಗಳ ಬುಡದಲ್ಲಿ ಮಡಚಬೇಕು, ನಡುಮಧ್ಯೆ ಮಡಚಿದರೆ ಬೇಡ. ಪಾದ ಸಂಜೆಗೆ ತುಸು ಊದಿಕೊಂಡಿರುತ್ತದೆ, ಆದ್ದರಿಂದ ಸಂಜೆ ಹೊತ್ತಿನಲ್ಲಿ, ಆಟದ ದಪ್ಪ ಸಾಕ್ಸ್ ಹಾಕಿಕೊಂಡೇ ಅಳತೆ ನೋಡಬೇಕು. ಬೆರಳಿನ ಮುಂದೆ ಅರ್ಧ ಹೆಬ್ಬೆರಳಿನಷ್ಟು ಜಾಗ ಇರಲಿ. ಇನ್ನು ಎರೆ ನೆಲ: ಮಳೆ ಬಿದ್ದ ಮೇಲೆ ಅದರಲ್ಲಿ ಆಡಬಲ್ಲ ಶೂ ಯಾವುದೂ ಇಲ್ಲ. ಎರಡೇ ನಿಮಿಷದಲ್ಲಿ ಅಡಿಗೆ ಮಣ್ಣು ಮೆತ್ತಿ ಎರಡು ಸೇರಿನಷ್ಟು ಭಾರವಾಗುತ್ತದೆ. ಅವತ್ತು ಆಟ ಬಿಡುವುದೇ ಸರಿ.

ಶಿನ್ ಗಾರ್ಡ್ ವಿಷಯದಲ್ಲಿ ರಾಜಿ ಬೇಡ. ಟರ್ಫಿನ ಮೇಲೆ ಚೆಂಡು ಎಲ್ಲಿಗೆ ಬರುತ್ತದೆಂದು ಕಣ್ಣಿಗೆ ಗೊತ್ತಾಗುತ್ತದೆ. ಮಣ್ಣಿನಲ್ಲಿ ಒಂದು ಸಣ್ಣ ಹರಳು ತಾಗಿದರೂ ಚೆಂಡು ಎಗರಿ ಮೊಣಕಾಲ ಕೆಳಗೆ ಬಡಿಯುತ್ತದೆ. ಫುಟ್‌ಬಾಲಿನವರು ಸಾಕ್ಸಿನೊಳಗೆ ತೂರಿಸುವ ಅಂಗೈಯಷ್ಟಗಲದ ಗಾರ್ಡ್ ಸಾಲದು. ಹಾಕಿಯ ಗಾರ್ಡ್ ಅಗಲವಾಗಿದ್ದು, ಕಾಲಿನ ಎರಡೂ ಪಕ್ಕ ಸುತ್ತಿ, ಪಾದದ ಗಂಟಿನವರೆಗೆ ಇಳಿದಿರಬೇಕು. ಮೊಣಕಾಲ ಚಿಪ್ಪಿನಿಂದ ಎರಡು ಬೆರಳು ಕೆಳಗೆ ಶುರುವಾಗಿ ಪಾದ ಮಡಚುವ ಜಾಗದವರೆಗೆ ಟೇಪು ಹಿಡಿದು ಅಳೆದುಕೊಂಡು ಹೋಗಿ. ಒಳಗಿನ ಫೋಮು ಬೆವರು ಕುಡಿದು ವಾಸನೆ ಹಿಡಿಯುತ್ತದೆ, ಚರ್ಮ ಕೆರೆತ ಬರುತ್ತದೆ. ಅಡಿಗೆ ತೆಳು ಹತ್ತಿ ಸಾಕ್ಸ್ ಹಾಕಿ, ಫೋಮು ಬಿಚ್ಚಿ ತೊಳೆಯಲು ಬರುವ ಗಾರ್ಡನ್ನೇ ಆರಿಸಿ.

ಮೌತ್ ಗಾರ್ಡ್ ಬಗ್ಗೆ ನಮ್ಮಲ್ಲಿ ಉದಾಸೀನ ಹೆಚ್ಚು, ಮರಳಿ ಬರುವವರಿಗೆ ಅದರ ಅಗತ್ಯವೂ ಹೆಚ್ಚು. ಈ ವಯಸ್ಸಿಗೆ ಬಾಯಲ್ಲಿ ಒಂದೆರಡು ಹಲ್ಲಿಗಾದರೂ ರೂಟ್ ಕೆನಾಲ್ ಆಗಿ ಕ್ಯಾಪ್ ಕೂತಿರುವವರು ಬಹಳ. ಕುದಿಯುವ ನೀರಿನಲ್ಲಿ ಮೆತ್ತಗೆ ಮಾಡಿ ಕಚ್ಚುವಂಥ ಗಾರ್ಡ್ ಸಾಕು. ಪ್ಯಾಕೆಟ್ಟಿನ ಮೇಲೆ ಹೇಳಿದಷ್ಟೇ ಸೆಕೆಂಡು ಅದ್ದಿ, ಮೇಲಿನ ಹಲ್ಲಿಗೆ ಕೂರಿಸಿ, ಕಚ್ಚಿ, ತುಟಿಯ ಮೇಲಿಂದ ಬೆರಳಿನಲ್ಲಿ ಒತ್ತಿ, ತಣ್ಣೀರಿಗೆ ಹಾಕಬೇಕು. ಹೆಚ್ಚು ಹೊತ್ತು ಅದ್ದಿದರೆ ಮುದುಡಿ ತೆಳುವಾಗುತ್ತದೆ. ಬಾಯಿ ತೆರೆದಾಗ ತಾನೇ ಬೀಳಬಾರದು, ಬಿದ್ದರೆ ಮತ್ತೊಮ್ಮೆ ಮಾಡಿ. ಕ್ಯಾಪ್, ಬ್ರಿಡ್ಜ್, ಕಟ್ಟಿಸಿದ ಹಲ್ಲು ಇರುವವರು ಮೊದಲು ದಂತವೈದ್ಯರನ್ನು ಕೇಳಲಿ, ಅವರಿಂದ ಅಚ್ಚು ತೆಗೆಸಿ ಮಾಡಿಸಿದ್ದು ಎಲ್ಲಕ್ಕಿಂತ ಮೇಲು.

ಎಡಗೈಗೆ ಒಂದು ಗ್ಲೌಸು ಬೇಕು. ಟ್ಯಾಕಲ್‌ಗೆ, ಅಂದರೆ ಎದುರಿನವರ ಚೆಂಡು ಕಸಿಯಲು, ಸ್ಟಿಕ್ ಮಲಗಿಸಿದಾಗ ಎಡಗೈ ಗೆಣ್ಣು ನೆಲಕ್ಕೆ ಉಜ್ಜುತ್ತದೆ. ಬೆರಳಿನ ಮೇಲ್ಭಾಗಕ್ಕೆ ಫೋಮು ಇದ್ದು ಅಂಗೈ ತೆರೆದಿರುವಂಥದ್ದು ನಮ್ಮ ಸೆಕೆಗೆ ಹೊಂದುತ್ತದೆ. ಗಂಡಸರು ಅಬ್ಡಾಮಿನಲ್ ಗಾರ್ಡ್ ಮರೆಯಬಾರದು, ಕ್ರಿಕೆಟ್ಟಿನದೇ ನಡೆಯುತ್ತದೆ.

ಈಗ ಸ್ಟಿಕ್. ಉದ್ದ 36.5 ಇಂಚು, 37.5 ಇಂಚು ಎಂದು ಎರಡು ಅಳತೆ ಹೆಚ್ಚಾಗಿ ಸಿಗುತ್ತವೆ. ಶೂ ಹಾಕಿ ನೆಟ್ಟಗೆ ನಿಂತು ಸ್ಟಿಕ್ಕಿನ ತಲೆಯನ್ನು ಪಾದದ ಪಕ್ಕ ನೆಲಕ್ಕಿಟ್ಟರೆ ಹಿಡಿಯ ತುದಿ ಸೊಂಟದ ಮೂಳೆಯ ಹತ್ತಿರ ಬರಬೇಕು. ಐದು ಅಡಿ ಹತ್ತು ಇಂಚಿಗಿಂತ ಎತ್ತರದವರು, ಬೆನ್ನು ನೋವಿರುವವರು 37.5 ನೋಡಲಿ, ಅಷ್ಟು ಕಡಿಮೆ ಬಗ್ಗಿದರೆ ಸಾಕು. ಉಳಿದವರಿಗೆ 36.5 ಸರಿ, ಚೆಂಡನ್ನು ಎಡಕ್ಕೂ ಬಲಕ್ಕೂ ಉರುಳಿಸುವಾಗ ಮೊಳಕೈಗೆ ಅಡ್ಡ ಬರುವುದಿಲ್ಲ. ನಿಯಮದ ಪ್ರಕಾರ ತೂಕ 737 ಗ್ರಾಂವರೆಗೆ ಇರಬಹುದು, ಆದರೆ ಕಾರ್ಬನ್, ಫೈಬರ್ ಗ್ಲಾಸ್ ಸೇರಿಸಿ ಮಾಡುವ ಇಂದಿನ ಕಾಂಪೋಸಿಟ್ ಸ್ಟಿಕ್ಕುಗಳು ಹೆಚ್ಚಾಗಿ 520ರಿಂದ 560 ಗ್ರಾಂ ಒಳಗೇ ಇರುತ್ತವೆ. ಮರಳಿ ಬರುವವರಿಗೆ 540ರ ಆಸುಪಾಸು ಹಿತ. ಹಿಂದೆ ಫುಲ್‌ಬ್ಯಾಕ್ ಆಗಿ ಭಾರದ ಸ್ಟಿಕ್ಕಿನಿಂದ ಬಾರಿಸಿ ರೂಢಿ ಇರುವವರಿಗೆ ಇದು ಹಗುರ ಎನಿಸಬಹುದು. ಆದರೆ ಆಟವೇ ಬದಲಾಗಿದೆ. ಆಫ್‌ಸೈಡ್ ನಿಯಮ 1990ರ ದಶಕದಲ್ಲೇ ಹೋಯಿತು. 2009ರಿಂದ ಫ್ರೀ ಹಿಟ್ ಸಿಕ್ಕವರು ಪಾಸ್ ಕೊಡದೆ ತಾವೇ ಚೆಂಡು ಒಯ್ಯಬಹುದು. ಬಾರಿಸುವುದಕ್ಕಿಂತ ಚೆಂಡು ಹಿಡಿದು ಓಡುವುದೇ ಜಾಸ್ತಿ.

ಕಾರ್ಬನ್ ಎಷ್ಟಿರಬೇಕು ಎನ್ನುವಲ್ಲೇ ಹೆಚ್ಚಿನವರು ತಪ್ಪುತ್ತಾರೆ. ಕಾರ್ಬನ್ ಹೆಚ್ಚಿದಷ್ಟೂ ಸ್ಟಿಕ್ ಬಾಗುವುದಿಲ್ಲ, ಹೊಡೆತದ ಬಲ ಪೋಲಾಗದೆ ಚೆಂಡಿಗೆ ಹೋಗುತ್ತದೆ. ಅದೇ ಗಟ್ಟಿತನದಿಂದ, ನಿಲ್ಲಿಸಲು ಹೋದ ಚೆಂಡು ಸ್ಟಿಕ್ಕಿನಿಂದ ಪುಟಿದು ಎರಡು ಅಡಿ ಆಚೆ ಬೀಳುತ್ತದೆ. ತಪ್ಪಿ ಅಂಚಿಗೆ ತಾಗಿದ ಹೊಡೆತದ ನಡುಕ ನೇರ ಮೊಳಕೈಗೆ ಏರುತ್ತದೆ. ಮಣ್ಣಿನಲ್ಲಿ ಚೆಂಡು ಕುಣಿಯುತ್ತಲೇ ಬರುವುದರಿಂದ ಚೆಂಡು ಹಿಡಿದು ನಿಲ್ಲಿಸುವುದೇ ಅರ್ಧ ಆಟ. ಆದ್ದರಿಂದ 10ರಿಂದ 30 ಪರ್ಸೆಂಟ್ ಕಾರ್ಬನ್ ಇದ್ದು ಉಳಿದದ್ದು ಫೈಬರ್ ಗ್ಲಾಸ್ ಇರುವ ಸ್ಟಿಕ್ಕೇ ನಮ್ಮ ಆಯ್ಕೆ. ಸುಮಾರು 2,000ದಿಂದ 4,000 ರೂಪಾಯಿಯಲ್ಲಿ ಇಂಥವು ಬರುತ್ತವೆ. ಜಲಂಧರಿನ ರಕ್ಷಕ್, ಆಲ್ಫಾದಂಥ ನಮ್ಮವರ ಸ್ಟಿಕ್ಕುಗಳಲ್ಲೇ ನೋಡಬಹುದು. ಒಂದು ಮಾತು ನೆನಪಿರಲಿ: ಒಂದು ಕಂಪನಿಯ 30 ಪರ್ಸೆಂಟಿಗೂ ಇನ್ನೊಂದರ 30ಕ್ಕೂ ಕೈಯಲ್ಲಿ ಒಂದೇ ಗಟ್ಟಿತನ ಇರುವುದಿಲ್ಲ. ಸಾಧ್ಯವಾದರೆ ಗೆಳೆಯರ ಸ್ಟಿಕ್ಕಿನಲ್ಲಿ ಹತ್ತು ಚೆಂಡು ನಿಲ್ಲಿಸಿ ನೋಡಿ ಆಮೇಲೆ ಕೊಳ್ಳಿ.

ಬಾಗು, ಅಂದರೆ ಬೋ, ನಿಯಮದಲ್ಲಿ 25 ಮಿಲಿಮೀಟರ್ ಮೀರುವಂತಿಲ್ಲ. ಬಾಗು ಅತಿ ಹೆಚ್ಚಿರುವ ಜಾಗ ತಲೆಯ ಬುಡದಿಂದ 200 ಮಿಲಿಮೀಟರ್‌ಗಿಂತ ಕೆಳಗಿರುವಂತಿಲ್ಲ. ಆ ಮಿತಿಯ ಅಂಚಿಗೇ ಇರುವುದು ಲೋ ಬೋ. ಡ್ರ್ಯಾಗ್ ಫ್ಲಿಕ್, ಅಂದರೆ ಚೆಂಡನ್ನು ಸ್ಟಿಕ್ಕಿನಲ್ಲೇ ಎಳೆದು ಗೋಲಿನತ್ತ ಎಸೆಯುವುದು, ಮಾಡುವವರಿಗಾಗಿ ಬಂದದ್ದು. ಗರಸಿನಲ್ಲಿ ಚೆಂಡನ್ನು ಸ್ಟಿಕ್ಕಿಗಂಟಿಸಿ ಎಳೆಯಲು ಬರುವುದಿಲ್ಲ, ಹಾಗಾಗಿ ಅದರ ಲಾಭ ಸಿಗುವುದಿಲ್ಲ. ನಷ್ಟ ಮಾತ್ರ ಖಂಡಿತ: ರೂಢಿ ತಪ್ಪಿದ ಕೈಯಲ್ಲಿ ನೇರ ಹಿಟ್ ಕೂಡ ನೆಲ ಬಿಟ್ಟು ಎದುರಿನವರ ಮೊಣಕಾಲಿಗೋ ಮುಖಕ್ಕೋ ಏರುತ್ತದೆ. ಮಾಸ್ಕ್ ಇಲ್ಲದೆ ಆಡುವ ಬೆಳಗಿನ ಆಟದಲ್ಲಿ ಇದು ಅಪಾಯ. ಮಿಡ್ ಬೋ ಅಥವಾ ಸಾದಾ ಬೋ ತೆಗೆದುಕೊಳ್ಳಿ. ತಲೆಯ ಆಕಾರದಲ್ಲಿ ಮಿಡಿ ಎಲ್ಲರಿಗೂ ಆಗುತ್ತದೆ, ಡಿಫೆನ್ಸಿನಲ್ಲಿ ನಿಲ್ಲುವವರಿಗೆ ಅಗಲ ಹೆಚ್ಚಿರುವ ಮ್ಯಾಕ್ಸಿ ಚೆಂಡು ತಡೆಯಲು ಅನುಕೂಲ.

ಅಂಗಡಿಯಲ್ಲಿ ಪರೀಕ್ಷಿಸುವ ಬಗೆ ಹೀಗೆ. ಹಿಡಿಯ ತುದಿಯಿಂದ ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿ, ಸ್ಟಿಕ್ ಎಡಕ್ಕೋ ಬಲಕ್ಕೋ ತಿರುಚಿರಬಾರದು. ಚಪ್ಪಟೆ ಮುಖ ಕೆಳಗಾಗಿ ಗಾಜಿನ ಕೌಂಟರಿನ ಮೇಲೆ ಮಲಗಿಸಿ, ಮಧ್ಯದ ಸಂದಿನಲ್ಲಿ 10 ರೂಪಾಯಿ ನಾಣ್ಯವನ್ನು ನಿಲ್ಲಿಸಿ ತೂರಿಸಿ. ನಾಣ್ಯದ ಅಡ್ಡಳತೆ 27 ಮಿಲಿಮೀಟರ್. ಅದು ಸಲೀಸಾಗಿ ಹಾದುಹೋದರೆ ಆ ಸ್ಟಿಕ್ ನಿಯಮ ಮೀರಿದ್ದು, ಟೂರ್ನಮೆಂಟಿನಲ್ಲಿ ಅಂಪೈರ್ ಒಪ್ಪುವುದಿಲ್ಲ. ಆಮೇಲೆ ತಲೆಯ ಸುತ್ತ ಬೆರಳ ಗೆಣ್ಣಿನಿಂದ ತಟ್ಟುತ್ತಾ ಬನ್ನಿ. ಒಂದೇ ಕಡೆ ಸದ್ದು ಬೊಳ್ಳೆಂದು ಬದಲಾದರೆ ಒಳಗೆ ಪದರ ಬಿಟ್ಟಿರಬಹುದು. ಬಣ್ಣದ ಕೆಳಗೆ ಕೂದಲೆಳೆಯಷ್ಟು ಗೆರೆ ಅಂಚಿನಲ್ಲಿ ಕಂಡರೂ ಬೇಡ. ಎಡಗೈ ರೂಢಿಯವರು ಬೇರೆ ಸ್ಟಿಕ್ ಕೇಳುವುದುಂಟು. ಹಾಕಿಯಲ್ಲಿ ಎಡಗೈ ಸ್ಟಿಕ್ಕಿಗೆ ನಿಯಮದಲ್ಲಿ ಅವಕಾಶವಿಲ್ಲ.

ಅಟ್ಟದ ಮೇಲಿನ ಹಳೆಯ ಮರದ ಸ್ಟಿಕ್ ಏನು ಮಾಡುವುದು? ಹಿಪ್ಪುನೇರಳೆ ಮರದ ತಲೆಗೆ ಬೆತ್ತದ ಹಿಡಿ ಬೆಸೆದು ಮಾಡಿದ ಸ್ಟಿಕ್ ಅದು. ನಮ್ಮ ಒಣ ಬಿಸಿಲಿಗೆ ವರ್ಷಗಟ್ಟಲೆ ಬಿದ್ದರೆ ಬೆಸುಗೆಯ ಅಂಟು ಸತ್ತಿರುತ್ತದೆ. ಗ್ರಿಪ್ ಬಿಚ್ಚಿ, ಹಿಡಿ ಮತ್ತು ಮರ ಸೇರುವ ಜಾಗವನ್ನು ಎರಡೂ ಕೈಯಲ್ಲಿ ಬಗ್ಗಿಸಿ ನೋಡಿ. ಕಿರ್ರೆಂದರೆ ಅದರಿಂದ ಹಿಟ್ ಮಾಡಬೇಡಿ, ತಲೆ ಕಿತ್ತು ಹಾರಿ ಯಾರಿಗಾದರೂ ಬಡಿದೀತು. ಸದ್ದಿಲ್ಲದೆ ಗಟ್ಟಿಯಾಗಿದ್ದರೆ ಮೊದಲ ಎರಡು ತಿಂಗಳಿಗೆ ಅದಕ್ಕಿಂತ ಒಳ್ಳೆಯ ಸ್ಟಿಕ್ ಇಲ್ಲ ಎಂದೇ ಹೇಳುತ್ತೇವೆ. ಮರ ಚೆಂಡನ್ನು ಮೆತ್ತಗೆ ಹಿಡಿಯುತ್ತದೆ, ಮಣ್ಣಿಗೆ ಉಜ್ಜಿ ಸವೆದರೂ ಹೊಟ್ಟೆ ಉರಿಯುವುದಿಲ್ಲ.

ಇನ್ನು ಚೆಂಡು. ಮೈಮೇಲೆ ಗುಳಿಗಳಿರುವ ಟರ್ಫ್ ಬಾಲ್ ನಮ್ಮ ಗ್ರೌಂಡಿಗೆ ದಂಡ, ಗುಳಿಗಳಲ್ಲಿ ಮಣ್ಣು ತುಂಬಿಕೊಳ್ಳುತ್ತದೆ. ನುಣುಪು ಚೆಂಡೇ ಸರಿ. ನಿಯಮದ ತೂಕ 156ರಿಂದ 163 ಗ್ರಾಂ, ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲೇ ಇಟ್ಟು ನೋಡಬಹುದು. ಕಡಿಮೆ ಬೆಲೆಯ ಹಗುರ ಪ್ಲಾಸ್ಟಿಕ್ ಚೆಂಡು ಇನ್ನಷ್ಟು ಪುಟಿಯುತ್ತದೆ. ಕೆಂಪು ಮಣ್ಣಿನಲ್ಲಿ ಕಿತ್ತಳೆ ಬಣ್ಣದ್ದು ಕಣ್ಣಿಗೆ ಕಾಣುವುದಿಲ್ಲ, ಬಿಳಿಯದೇ ಬೇಕು.

ಗೋಲ್‌ಕೀಪರ್ ಸಾಮಾನು ಒಬ್ಬರೇ ಕೊಳ್ಳುವ ಮಾತಲ್ಲ, ತಂಡವೆಲ್ಲ ಸೇರಿ ಒಂದು ಸೆಟ್ ತರಬೇಕು. ಹೆಲ್ಮೆಟ್, ಲೆಗ್ ಗಾರ್ಡ್, ಪಾದಕ್ಕೆ ಕಟ್ಟುವ ಕಿಕ್ಕರ್, ಚೆಸ್ಟ್ ಗಾರ್ಡ್, ಕೈಗೆ ಎರಡು ಪ್ರೊಟೆಕ್ಟರ್, ಅಬ್ಡಾಮಿನಲ್ ಗಾರ್ಡ್ ಇಷ್ಟೂ ಇಲ್ಲದೆ ಗೋಲಿನಲ್ಲಿ ಯಾರನ್ನೂ ನಿಲ್ಲಿಸಬಾರದು. ಕ್ರಿಕೆಟ್ ಪ್ಯಾಡು, ಕ್ರಿಕೆಟ್ ಹೆಲ್ಮೆಟ್ ಇದಕ್ಕೆ ಬದಲಿ ಆಗುವುದಿಲ್ಲ. ಕ್ರಿಕೆಟ್ ಹೆಲ್ಮೆಟ್ಟಿನಲ್ಲಿ ಗಂಟಲು, ತಲೆಯ ಹಿಂಭಾಗ ಬಯಲಾಗಿಯೇ ಇರುತ್ತವೆ. ಸೆಕೆಂಡ್ ಹ್ಯಾಂಡ್ ಸೆಟ್ ಆದರೆ ಫೋಮನ್ನು ಹೆಬ್ಬೆರಳಿನಿಂದ ಒತ್ತಿ ಬಿಡಿ, ತಟ್ಟನೆ ಮೊದಲಿನಂತಾಗದೆ ಗುಳಿ ಉಳಿದರೆ ಅದು ಸತ್ತ ಫೋಮು.

ಶೂ, ಗಾರ್ಡ್, ಗ್ಲೌಸು ನಮ್ಮೂರ ಅಂಗಡಿಯಲ್ಲೇ ಹಾಕಿ ನೋಡಿ ಕೊಳ್ಳಿ. ಸ್ಟಿಕ್ಕಿನಲ್ಲಿ ಆಯ್ಕೆ ಕಡಿಮೆ ಇದ್ದರೆ ಬೆಂಗಳೂರಿಗೆ ಹೋಗಿ ಬರುವವರ ಕೈಲಿ ತರಿಸುವುದು ಕೊರಿಯರಿಗಿಂತ ವಾಸಿ, ಯಾಕೆಂದರೆ ಅವರು ಬಗ್ಗಿಸಿ ತಟ್ಟಿ ನೋಡಬಲ್ಲರು. ಆನ್‌ಲೈನ್ ತರಿಸಿದರೆ ಪ್ಲಾಸ್ಟಿಕ್ ಹೊದಿಕೆ ಕೀಳುವ ಮೊದಲೇ ಮೇಲಿನ ಪರೀಕ್ಷೆಗಳನ್ನೆಲ್ಲ ಮುಗಿಸಿ. ಒಮ್ಮೆ ಚೆಂಡು ತಾಗಿದ ಸ್ಟಿಕ್ಕನ್ನು ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ಇನ್ನು ಸವೆತ. ಕಾಂಪೋಸಿಟ್ ಸ್ಟಿಕ್ ನಮ್ಮಲ್ಲಿ ಮುರಿಯುವುದಕ್ಕಿಂತ ತಲೆಯ ಅಡಿಯಿಂದ ತಿಂದುಹೋಗುವುದೇ ಹೆಚ್ಚು, ಆ ಸವೆತಕ್ಕೆ ಗ್ಯಾರಂಟಿಯೂ ಸಿಗುವುದಿಲ್ಲ. ಸ್ಟಿಕ್ ಮಲಗಿಸಿ ಅಂಚಿನಲ್ಲಿ ಹೊಡೆಯುವ ರಿವರ್ಸ್ ಹಿಟ್ಟನ್ನು ಗರಸಿನ ಮೇಲೆ ಅಭ್ಯಾಸ ಮಾಡಿದರೆ ತಿಂಗಳಲ್ಲೇ ಬಣ್ಣ ಹೋಗಿ ನಾರು ಕಾಣುತ್ತದೆ. ನಾರು ಕಂಡ ದಿನವೇ ಧೂಳು ಒರೆಸಿ, ನುಣುಪು ಉಪ್ಪುಕಾಗದದಿಂದ ಉಜ್ಜಿ, ಅರಾಲ್ಡೈಟ್ ತೆಳುವಾಗಿ ಹಚ್ಚಿ, ಒಂದು ರಾತ್ರಿ ಒಣಗಿಸಿ, ಮತ್ತೆ ಉಜ್ಜಿ ನುಣುಪು ಮಾಡಿ. ಉಬ್ಬು, ಚೂಪು ಉಳಿದರೆ ನಿಯಮಕ್ಕೂ ವಿರುದ್ಧ, ಎದುರಿನವರ ಕಾಲಿಗೂ ಕೇಡು. ಗ್ರಿಪ್ ಜಾರತೊಡಗಿದರೆ ಬದಲಿಸಿ. ಬೆವರುವ ಕೈಗೆ ಒದ್ದೆಯಾದಷ್ಟೂ ಹಿಡಿತ ಕೊಡುವ ಶ್ಯಾಮಿ ಗ್ರಿಪ್ ಒಳ್ಳೆಯದು. ಏಪ್ರಿಲ್, ಮೇ ತಿಂಗಳಲ್ಲಿ ಸ್ಟಿಕ್ಕನ್ನೂ ಮೌತ್ ಗಾರ್ಡನ್ನೂ ಕಾರಿನ ಡಿಕ್ಕಿಯಲ್ಲಿ ಬಿಟ್ಟು ಆಫೀಸಿಗೆ ಹೋಗಬೇಡಿ. ಸಂಜೆ ಬರುವಷ್ಟರಲ್ಲಿ ಗ್ರಿಪ್ಪಿನ ಅಂಟು ಕರಗಿ ಜಾರಿರುತ್ತದೆ, ಮೌತ್ ಗಾರ್ಡ್ ನಿಮ್ಮ ಹಲ್ಲಿನ ಅಚ್ಚು ಕಳೆದುಕೊಂಡಿರುತ್ತದೆ.