ಉಪ್ಪು ಬದಲಿಸಿದೆವು, ಅಪ್ಪ ಐಸಿಯು ಸೇರಿದರು

ನಿಮ್ಮ ಮನೆಯಲ್ಲಿ ಬಿಪಿ ಅಥವಾ ಶುಗರ್ ಇರುವ ಹಿರಿಯರು ಇದ್ದಾರಾ? ಅವರಿಗೆ ಒಳ್ಳೆಯದು ಅಂತ ಕಡಿಮೆ ಸೋಡಿಯಂ ಇರುವ ಉಪ್ಪು ತಂದಿಟ್ಟಿದ್ದೀರಾ? ಬೆಳಿಗ್ಗೆ ಎದ್ದ ಕೂಡಲೇ ಸೊಪ್ಪಿನ ಜ್ಯೂಸ್ ಮಾಡಿ ಕೊಡ್ತಿದ್ದೀರಾ? ಹಾಗಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು ಇದೇ ಮಾಡಿದೆ. ನಮ್ಮಪ್ಪ ಮೂರು ದಿನ ಐಸಿಯುನಲ್ಲಿ ಮಲಗಬೇಕಾಯಿತು.

ಅಪ್ಪನಿಗೆ 68 ವರ್ಷ. ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಬಿಪಿ, ಶುಗರ್ ಎರಡೂ ಇವೆ. ಮಾತ್ರೆ ನುಂಗಿ ನುಂಗಿ ಅವರಿಗೆ ಸಾಕಾಗಿ ಹೋಗಿತ್ತು. ಬಿಪಿ ಹತೋಟಿಗೆ ಬರುತ್ತಿಲ್ಲ ಅಂತ ಡಾಕ್ಟರ್ ಇನ್ನೊಂದು ಮಾತ್ರೆ ಸೇರಿಸಿದಾಗ ತುಂಬಾ ಬೇಜಾರು ಮಾಡಿಕೊಂಡರು. ಅದೇ ಹೊತ್ತಿಗೆ ಗೊತ್ತಿದ್ದವರೊಬ್ಬರು ಆಹಾರ ಸಲಹೆಗಾರರೊಬ್ಬರ ನಂಬರ್ ಕೊಟ್ಟರು. ಊಟದಿಂದಲೇ ಬಿಪಿ ಇಳಿಸ್ತಾರಂತೆ, ಅಡ್ಡ ಪರಿಣಾಮ ಇರಲ್ವಂತೆ ಅಂದರು. ನನಗೂ ಆಸೆ ಹುಟ್ಟಿತು. ಮದ್ದಿನ ಬದಲು ಊಟ ಅಂದರೆ ಯಾರಿಗೆ ಬೇಡ?

ಆ ಸಲಹೆಗಾರರು ಫೋನಿನಲ್ಲಿ ಅರ್ಧ ಗಂಟೆ ಮಾತಾಡಿದರು. ತೂಕ ಕೇಳಿದರು, ನಿದ್ದೆ ಹೇಗಿದೆ ಕೇಳಿದರು, ಹೊಟ್ಟೆ ಸರಿಯಾಗಿ ಹೋಗುತ್ತಾ ಕೇಳಿದರು. ಯಾವ ಮಾತ್ರೆ ತಗೊಳ್ತಿದ್ದಾರೆ ಅಂತ ಕೇಳಲಿಲ್ಲ. ಕಿಡ್ನಿ ಹೇಗಿದೆ ಅಂತಲೂ ಕೇಳಲಿಲ್ಲ. ನಾನೂ ಹೇಳಲಿಲ್ಲ, ಹೇಳಬೇಕು ಅಂತ ಹೊಳೆಯಲೇ ಇಲ್ಲ. ಮಾರನೇ ದಿನ ಪಟ್ಟಿ ಬಂತು. ಮಾಮೂಲಿ ಉಪ್ಪು ಪೂರ್ತಿ ಬಂದ್, ಅದರ ಬದಲು ಕಡಿಮೆ ಸೋಡಿಯಂ ಉಪ್ಪು. ಬೆಳಿಗ್ಗೆ ಪಾಲಕ್ ಮತ್ತು ಕಿತ್ತಳೆ ಹಾಕಿದ ಜ್ಯೂಸ್ ದೊಡ್ಡ ಲೋಟ. ಹನ್ನೊಂದು ಗಂಟೆಗೆ ಎರಡು ಬಾಳೆಹಣ್ಣು. ಸಂಜೆ ಟೊಮೆಟೊ ಸೂಪ್. ನೋಡಿದರೆ ಎಲ್ಲವೂ ಒಳ್ಳೆಯದೇ ಅಲ್ವಾ? ಊಟ ತಾನೇ, ಏನಾಗುತ್ತೆ ಅಂದುಕೊಂಡೆ.

ಅಪ್ಪ ಮೊದಲ ದಿನವೇ ಸಾರು ಸಪ್ಪೆ ಅಂದರು. ಆ ಉಪ್ಪಿಗೆ ಉಪ್ಪಿನ ರುಚಿ ಸ್ವಲ್ಪ ಕಡಿಮೆ, ಕೊನೆಯಲ್ಲಿ ಒಂಚೂರು ಕಹಿ. ಒಳ್ಳೆಯ ಉಪ್ಪು ತಾನೇ ಅಂತ ನಾನು ಇನ್ನೊಂದು ಅರ್ಧ ಚಮಚ ಹಾಕಿದೆ. ದಿನಾ ಹಾಗೇ ಹಾಕುತ್ತಾ ಹೋದೆ. ಈಗ ಆ ಚಮಚ ನೆನಪಾದರೆ ಕೈ ನಡುಗುತ್ತೆ.

ಎರಡು ವಾರದಲ್ಲಿ ಬಿಪಿ ನಿಜವಾಗಿಯೂ ಇಳಿಯಿತು. 156 ಇದ್ದದ್ದು 134ಕ್ಕೆ ಬಂತು. ಮನೆಯಲ್ಲಿ ಎಲ್ಲರಿಗೂ ಖುಷಿಯೋ ಖುಷಿ. ನಾವು ಮೋಸ ಹೋಗಿದ್ದು ಇಲ್ಲೇ. ಸೋಡಿಯಂ ಕಡಿಮೆಯಾಗಿ ಪೊಟ್ಯಾಸಿಯಂ ಜಾಸ್ತಿಯಾದರೆ ಬಿಪಿ ಇಳಿಯುತ್ತೆ, ಅದು ಸುಳ್ಳಲ್ಲ. ಆದರೆ ಬಿಪಿ ಯಂತ್ರ ತೋರಿಸುವುದು ಬಿಪಿಯನ್ನು ಮಾತ್ರ. ರಕ್ತದಲ್ಲಿ ಇನ್ನೇನು ಏರುತ್ತಿದೆ ಅನ್ನುವುದು ಅದಕ್ಕೆ ಗೊತ್ತಾಗಲ್ಲ.

ಮೂರನೇ ವಾರ ಅಪ್ಪ ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದುಕೊಳ್ಳಲು ಶುರು ಮಾಡಿದರು. "ಯಾಕೋ ಕಾಲು ನನ್ನ ಮಾತು ಕೇಳ್ತಿಲ್ಲ ಕಣಮ್ಮ" ಅಂದರು. ತುಟಿಯ ಸುತ್ತ ಜುಮ್ಮೆನ್ನುತ್ತೆ, ಊಟ ಸೇರಲ್ಲ ಅಂದರು. ಸಲಹೆಗಾರರಿಗೆ ಫೋನ್ ಮಾಡಿದೆ. ದೇಹದ ವಿಷ ಹೊರಗೆ ಹೋಗ್ತಿದೆ, ಇದು ಒಳ್ಳೆಯ ಲಕ್ಷಣ, ಜ್ಯೂಸ್ ಇನ್ನೊಂದು ಲೋಟ ಜಾಸ್ತಿ ಮಾಡಿ ಅಂದರು. ನಾನು ಮಾಡಿದೆ.

ಅದಾಗಿ ಮೂರನೇ ದಿನ ಬೆಳಿಗ್ಗೆ ಅಪ್ಪ ಕುರ್ಚಿಯಿಂದ ಏಳಲಿಕ್ಕೇ ಆಗಲಿಲ್ಲ. ಮಣಿಕಟ್ಟು ಹಿಡಿದು ನೋಡಿದೆ, ನಾಡಿ ನಿಮಿಷಕ್ಕೆ 40 ಇತ್ತು.

ಆಸ್ಪತ್ರೆಯಲ್ಲಿ ರಕ್ತದ ರಿಪೋರ್ಟ್ ಬರುವ ಮೊದಲೇ ಡಾಕ್ಟರ್ ಇಸಿಜಿ ಚೀಟಿ ನೋಡಿ ನರ್ಸ್ ಕಡೆ ತಿರುಗಿದರು. ಏನೋ ಇಂಜೆಕ್ಷನ್ ತರಲು ಹೇಳಿ, ನನಗೆ ಆ ಚೀಟಿ ತೋರಿಸಿದರು. ಸಾಮಾನ್ಯವಾಗಿ ಪುಟ್ಟ ದಿಬ್ಬದ ಹಾಗೆ ಇರುವ ಅಲೆ ಅಪ್ಪನದರಲ್ಲಿ ಗುಡಾರದ ತುದಿಯ ಹಾಗೆ ಚೂಪಾಗಿ ಮೇಲೆದ್ದಿತ್ತು. ಆಮೇಲೆ ಅವರು ಕೇಳಿದ ಮೊದಲ ಪ್ರಶ್ನೆ: "ಮನೆಯಲ್ಲಿ ಯಾವ ಉಪ್ಪು ಬಳಸ್ತೀರಾ?"

ಪೊಟ್ಯಾಸಿಯಂ 7.1 ಬಂದಿತ್ತು. ಇರಬೇಕಾದದ್ದು 3.5ರಿಂದ 5ರೊಳಗೆ. 6.5 ದಾಟಿದರೆ ಹೃದಯ ಯಾವಾಗ ಬೇಕಾದರೂ ಲಯ ತಪ್ಪಬಹುದು, ನಿಂತೂ ಹೋಗಬಹುದು. ಮೊದಲು ಕ್ಯಾಲ್ಸಿಯಂ ಗ್ಲುಕೋನೇಟ್ ಕೊಟ್ಟರು. ಅದು ಪೊಟ್ಯಾಸಿಯಂ ಇಳಿಸಲ್ಲ, ಹೃದಯಕ್ಕೆ ಸ್ವಲ್ಪ ಹೊತ್ತು ಕಾವಲು ನಿಲ್ಲುತ್ತೆ ಅಷ್ಟೇ. ಆಮೇಲೆ ಗ್ಲೂಕೋಸ್ ಜೊತೆ ಇನ್ಸುಲಿನ್ ಕೊಟ್ಟರು. ಇನ್ಸುಲಿನ್ ರಕ್ತದಲ್ಲಿರುವ ಪೊಟ್ಯಾಸಿಯಂ ಅನ್ನು ಜೀವಕೋಶಗಳ ಒಳಗೆ ತಳ್ಳುತ್ತೆ. ಶುಗರ್ ತೀರಾ ಇಳಿದುಬಿಟ್ಟರೆ ಅಂತ ಗಂಟೆಗೊಮ್ಮೆ ಬೆರಳು ಚುಚ್ಚಿ ನೋಡುತ್ತಿದ್ದರು. ಇಷ್ಟಕ್ಕೂ ಇಳಿಯದಿದ್ದರೆ ಡಯಾಲಿಸಿಸ್ ಅಂದರು. ಆ ರಾತ್ರಿಯ ಬಗ್ಗೆ ಹೆಚ್ಚು ಬರೆಯಲು ನನ್ನಿಂದ ಆಗಲ್ಲ. ದೇವರ ದಯೆ, ಬೆಳಗಿನ ಹೊತ್ತಿಗೆ 5.6ಕ್ಕೆ ಬಂತು.

ಯಾಕೆ ಹೀಗಾಯಿತು ಅಂತ ಡಾಕ್ಟರ್ ಕೂರಿಸಿಕೊಂಡು ವಿವರಿಸಿದರು. ಅದನ್ನು ನಿಮಗೆ ಹೇಳಲೇಬೇಕು.

ಈ ಉಪ್ಪಿನಲ್ಲಿ ಸೋಡಿಯಂ ಕ್ಲೋರೈಡ್‌ನ ಒಂದು ಭಾಗ ತೆಗೆದು ಅದರ ಜಾಗಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ಹಾಕಿರುತ್ತಾರೆ. 1 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಅಂದರೆ ಸುಮಾರು 520 ಮಿಲಿಗ್ರಾಂ ಪೊಟ್ಯಾಸಿಯಂ, ಒಂದು ಬಾಳೆಹಣ್ಣಿನಲ್ಲಿ ಇರುವುದಕ್ಕಿಂತ ಜಾಸ್ತಿ. ಅದರ ಮೇಲೆ ಪಾಲಕ್, ಕಿತ್ತಳೆ, ಟೊಮೆಟೊ, ಬಾಳೆಹಣ್ಣು. ಎಲ್ಲವೂ ಪೊಟ್ಯಾಸಿಯಂ ತುಂಬಿದವೇ. ಕಿಡ್ನಿ ಚೆನ್ನಾಗಿರುವವರಿಗೆ ಇದರಿಂದ ತೊಂದರೆ ಇಲ್ಲ. ತಿಂದ ಪೊಟ್ಯಾಸಿಯಂನಲ್ಲಿ ಸುಮಾರು ಶೇಕಡ 90ರಷ್ಟನ್ನು ಕಿಡ್ನಿಯೇ ಹೊರಗೆ ಹಾಕುತ್ತೆ. ಅಪ್ಪನ ಕಿಡ್ನಿ ಶುಗರ್‌ನಿಂದ ಆಗಲೇ ಸೊರಗಿತ್ತು, ನಮಗೆ ಗೊತ್ತಿರಲಿಲ್ಲ. ಕಿಡ್ನಿ ಅರ್ಧ ಹಾಳಾದರೂ ಎಷ್ಟೋ ಸಲ ನೋವಿರಲ್ಲ, ಊತ ಇರಲ್ಲ.

ಮಾತ್ರೆಗಳದ್ದು ಇನ್ನೊಂದು ಕಥೆ. ಅಪ್ಪ ತಗೊಳ್ಳುತ್ತಿದ್ದ ಬಿಪಿ ಮಾತ್ರೆ ಟೆಲ್ಮಿಸಾರ್ಟಾನ್. ಹೆಸರು "ಸಾರ್ಟಾನ್" ಅಂತ ಮುಗಿಯುವ ಮಾತ್ರೆಗಳು, "ಪ್ರಿಲ್" ಅಂತ ಮುಗಿಯುವ ಮಾತ್ರೆಗಳು ಪೊಟ್ಯಾಸಿಯಂ ಅನ್ನು ದೇಹದಲ್ಲೇ ಉಳಿಸುತ್ತವೆ. ಹೊಸದಾಗಿ ಸೇರಿಸಿದ ಸ್ಪೈರೊನೊಲ್ಯಾಕ್ಟೋನ್ ಕೂಡ ಹಾಗೇ. ಇವು ಒಳ್ಳೆಯ ಮಾತ್ರೆಗಳೇ, ಹೃದಯಕ್ಕೂ ಕಿಡ್ನಿಗೂ ಬೇಕಾದವು. ಅದಕ್ಕೇ ಎರಡು ವಾರದೊಳಗೆ ಪೊಟ್ಯಾಸಿಯಂ, ಮತ್ತೆ ಕಿಡ್ನಿ ಹೇಗೆ ಕೆಲಸ ಮಾಡ್ತಿದೆ ಅಂತ ತೋರಿಸುವ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ ಅಂತ ಚೀಟಿಯಲ್ಲಿ ಬರೆದುಕೊಟ್ಟಿದ್ದರು. ನಾವು ಮಾಡಿಸಿರಲಿಲ್ಲ. ಜೊತೆಗೆ ಮಂಡಿ ನೋವಿಗೆ ಅಂತ ಅಪ್ಪ ತಾವೇ ಐಬುಪ್ರೊಫೆನ್ ತಂದು ನುಂಗುತ್ತಿದ್ದರು. ಅದು ಕಿಡ್ನಿಗೆ ಹೋಗುವ ರಕ್ತವನ್ನೇ ಕಡಿಮೆ ಮಾಡುತ್ತೆ. ಪೊಟ್ಯಾಸಿಯಂ ಒಳಗೆ ಬರುವ ಬಾಗಿಲನ್ನೆಲ್ಲ ನಾನು ತೆರೆದಿಟ್ಟಿದ್ದೆ, ಹೊರಗೆ ಹೋಗುವ ಒಂದೇ ಬಾಗಿಲು ಮುಚ್ಚಿತ್ತು.

ಮನೆಗೆ ಬಂದು ಉಪ್ಪಿನ ಪೊಟ್ಟಣ ತಿರುಗಿಸಿ ನೋಡಿದೆ. ಹಿಂದುಗಡೆ, ಇರುವೆ ಸಾಲಿನಂಥ ಅಕ್ಷರದಲ್ಲಿ, ಕಿಡ್ನಿ ತೊಂದರೆ ಇರುವವರು ವೈದ್ಯರನ್ನು ಕೇಳದೆ ಬಳಸಬಾರದು ಅಂತ ಇತ್ತು. ಮುಂದುಗಡೆ ಹೃದಯದ ಚಿತ್ರ ದೊಡ್ಡದಾಗಿತ್ತು.

ಆ ಉಪ್ಪೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ತಪ್ಪು ತಿಳಿಯಬೇಡಿ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ನಡೆದ ದೊಡ್ಡ ಅಧ್ಯಯನವೊಂದರ ಫಲಿತಾಂಶ 2021ರಲ್ಲಿ ಬಂತು. ಇಂಥ ಉಪ್ಪು ಬಳಸಿದವರಲ್ಲಿ ಪಾರ್ಶ್ವವಾಯು ಶೇಕಡ 14ರಷ್ಟು ಕಡಿಮೆ ಇತ್ತು. ಆದರೆ ಅದರಲ್ಲಿ ಗಂಭೀರ ಕಿಡ್ನಿ ಕಾಯಿಲೆ ಇರುವವರನ್ನು, ಸ್ಪೈರೊನೊಲ್ಯಾಕ್ಟೋನ್‌ನಂಥ ಮಾತ್ರೆ ತಗೊಳ್ಳುವವರನ್ನು ಸೇರಿಸಿಕೊಂಡೇ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಈ ಉಪ್ಪನ್ನು ಬಳಸಬಹುದು ಅಂದಾಗಲೂ ಕಿಡ್ನಿ ತೊಂದರೆ ಇರುವವರು, ಗರ್ಭಿಣಿಯರು, ಮಕ್ಕಳನ್ನು ಬಿಟ್ಟೇ ಹೇಳಿತು. ಅಪ್ಪನಂಥವರಿಗೆ ಅಂತ ಅದನ್ನು ಯಾರೂ ಹೇಳಿರಲಿಲ್ಲ. ಆ ಸಲಹೆಗಾರರು ಹೇಳಿದರು, ನಾನು ನಂಬಿದೆ.

ಹಾಗಾಗಿ ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಮನೆಯವರ ಊಟ ದೊಡ್ಡದಾಗಿ ಬದಲಿಸುವ ಮುಂಚೆ ಒಂದು ಸಲ ಪೊಟ್ಯಾಸಿಯಂ, ಕ್ರಿಯಾಟಿನಿನ್ ನೋಡಿಸಿ, ಸಾಮಾನ್ಯ ರಕ್ತ ಪರೀಕ್ಷೆ ಅದು. ಡಾಕ್ಟರ್ ಹತ್ತಿರ ಹೋದಾಗ ಮಾತ್ರೆಗಳ ಜೊತೆ ಉಪ್ಪಿನ ಹೆಸರು, ಜ್ಯೂಸ್, ಪುಡಿ, ಕಷಾಯ ಎಲ್ಲ ಹೇಳಿ. ರಕ್ತ ತೆಳುವಾಗಿಸುವ ವಾರ್ಫರಿನ್ ತಗೊಳ್ಳುವವರು ಇದ್ದಕ್ಕಿದ್ದಂತೆ ಸೊಪ್ಪು ಜಾಸ್ತಿ ಮಾಡಿದರೂ ಮಾತ್ರೆಯ ಕೆಲಸ ಕಡಿಮೆಯಾಗುತ್ತೆ, ಅದೂ ಇಂಥದ್ದೇ. ಇದನ್ನು ಓದಿ ಹೆದರಿ ಬಿಪಿ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ದಯವಿಟ್ಟು. ಯಾರಾದರೂ ಸುಸ್ತು, ಕಾಲಿನ ಸೋಲು, ಎದೆ ಬಡಿತದ ಏರುಪೇರು ನೋಡಿ "ವಿಷ ಹೊರಗೆ ಹೋಗ್ತಿದೆ" ಅಂದರೆ ಫೋನ್ ಇಟ್ಟು ಆಸ್ಪತ್ರೆಗೆ ಹೊರಡಿ.

ಅಪ್ಪ ಈಗ ಮನೆಯಲ್ಲಿದ್ದಾರೆ. ಮಾಮೂಲಿ ಉಪ್ಪನ್ನೇ ಕಡಿಮೆ ಹಾಕುತ್ತೇನೆ. ಆಲೂಗಡ್ಡೆಯನ್ನು ಹೆಚ್ಚಿ ಬೇಯಿಸಿ ನೀರು ಬಸಿದು ಕೊಡುತ್ತೇನೆ, ಹಾಗೆ ಮಾಡಿದರೆ ಪೊಟ್ಯಾಸಿಯಂ ಸ್ವಲ್ಪ ಹೋಗುತ್ತೆ. ಹೋದ ವಾರದ ಪರೀಕ್ಷೆಯಲ್ಲಿ 4.7 ಬಂತು. ಕ್ರಿಯಾಟಿನಿನ್ ಮಾತ್ರ ಇನ್ನೂ ಜಾಸ್ತಿಯೇ, 1.6 ಇದೆ, ತಿಂಗಳಿಗೊಮ್ಮೆ ನೋಡಿಸಬೇಕು. ಮೆಟ್ಟಿಲು ಹತ್ತುವಾಗ ಅಪ್ಪ ಈಗ ಕಂಬಿ ಹಿಡಿಯಲ್ಲ. ನಾನೇ ಹಿಂದೆ ನಿಂತಿರುತ್ತೇನೆ.